ಚೌಕ ಬೆಲೆ, ನ್ಯಾಯ ಬೆಲೆ

ಮಡಕಶಿರಾದ ಕಡೆ ಯಾವ ಊರಿನ ರೇಷನ್ ಅಂಗಡಿಗೆ ಹೋದರೂ ಬೋರ್ಡಿನ ಮೇಲೆ ತೆಲುಗಿನಲ್ಲಿ ‘ಚೌಕ ಧರಲ ದುಕಾಣಂ’ ಎಂದಿರುತ್ತದೆ. ಬಸ್ಸು ಹತ್ತಿ ಗಡಿ ದಾಟಿ ಪಾವಗಡಕ್ಕೋ ಶಿರಾಕ್ಕೋ ಬಂದರೆ ಅಂಥದೇ ಅಂಗಡಿ, ಅಂಥದೇ ತಕ್ಕಡಿ, ಬೆರಳೊತ್ತಲು ಅಂಥದೇ ಯಂತ್ರ. ಬೋರ್ಡು ಮಾತ್ರ ‘ನ್ಯಾಯಬೆಲೆ ಅಂಗಡಿ’. ತೆಲುಗಿನಲ್ಲಿ ಚೌಕ ಎಂದರೆ ಅಗ್ಗ. ಒಂದು ಸರ್ಕಾರ ತನ್ನದು ಅಗ್ಗದ ಅಂಗಡಿ ಎಂದು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿತು, ಪಕ್ಕದ ಸರ್ಕಾರ ಅದಕ್ಕೆ ನ್ಯಾಯದ ಹೆಸರಿಟ್ಟಿತು. ಮನೆಯೊಳಗೆ ಕನ್ನಡ, ಮಂಡಲ ಕಚೇರಿಯಲ್ಲಿ ತೆಲುಗು ಆಡುವ ಈ ಸೀಮೆಯವರು ಎರಡೂ ಬೋರ್ಡು ಓದಬಲ್ಲರು. ಅಗ್ಗವಾದದ್ದೆಲ್ಲ ನ್ಯಾಯವಾದದ್ದೇ, ದುಬಾರಿಯಾದದ್ದೆಲ್ಲ ಒಳ್ಳೆಯದೇ ಎಂದು ಕೇಳಲು ಇದಕ್ಕಿಂತ ತಕ್ಕ ಜಾಗ ಇನ್ನೊಂದು ನನಗೆ ಹೊಳೆಯುವುದಿಲ್ಲ.

ರಾಯದುರ್ಗ, ಮಡಕಶಿರಾ ಹಳೆಯ ಅನಂತಪುರ ಜಿಲ್ಲೆಯ ಎರಡು ಮೂಲೆಗಳು. ರಾಯದುರ್ಗ ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರುಗಳ ಜೊತೆ ಇದೂ ಅತ್ತ ಹೋಯಿತು. ಮಡಕಶಿರಾ 2022ರ ಏಪ್ರಿಲ್‌ನಿಂದ ಪುಟ್ಟಪರ್ತಿ ಕೇಂದ್ರವಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಅದರ ಅಮರಾಪುರಂ ಮಂಡಲದ ಹೇಮಾವತಿಯೇ ನೊಳಂಬರ ರಾಜಧಾನಿ ಹೆಂಜೇರು. ಎರಡೂ ಕಡೆ ಕನ್ನಡವೇ, ಆದರೆ ಒಂದೇ ಕನ್ನಡವಲ್ಲ. ರಾಯದುರ್ಗದವರ ಬಾಯಲ್ಲಿ ಬಳ್ಳಾರಿಯ ಹಾಗೆ ‘ಸೋವಿ’, ‘ತುಟ್ಟಿ’. ಮಡಕಶಿರಾದವರಿಗೆ ತುಮಕೂರಿನವರಂತೆ ‘ಅಗ್ಗ’, ‘ಪಿರಿ’. ಅಲ್ಲಿ ಶೇಂಗಾ, ಇಲ್ಲಿ ಕಡ್ಲೇಕಾಯಿ. ಸಾಮಾನು ಕೊಳ್ಳಲು ಒಬ್ಬರು ಬಳ್ಳಾರಿಯ ರೈಲು ಹತ್ತುತ್ತಾರೆ, ಇನ್ನೊಬ್ಬರು ಹಿಂದೂಪುರದ ಬಸ್ಸು.

ನಗರಗಳಲ್ಲಿ ಅಗ್ಗ–ದುಬಾರಿಯ ಪ್ರಶ್ನೆ ಸರಳವಾಗಿ ಕಾಣುತ್ತದೆ: ರಿಯಾಯಿತಿ ಅಂಗಡಿಯ ಬೇಳೆ, ಹವಾನಿಯಂತ್ರಿತ ಸೂಪರ್‌ಮಾರ್ಕೆಟ್ಟಿನ ಬೇಳೆ, ಎರಡೂ ಸಮವೇ? ಈ ಗಡಿಸೀಮೆಯಲ್ಲಿ ಅಗ್ಗಕ್ಕೆ ಎರಡಲ್ಲ, ನಾಲ್ಕೈದು ಮುಖಗಳಿವೆ. ಸರ್ಕಾರ ದುಡ್ಡು ಕಟ್ಟಿ ಇಳಿಸಿದ ಅಗ್ಗ. ದೊಡ್ಡ ಅಂಗಡಿ ಲಾರಿಗಟ್ಟಲೆ ಕೊಂಡು ಗಿಟ್ಟಿಸಿದ ಅಗ್ಗ. ಸಂತೆಯಲ್ಲಿ ಮಬ್ಬುಗತ್ತಲಾಗುವ ಹೊತ್ತಿಗೆ ಸಿಗುವ ಅಗ್ಗ. ನುಚ್ಚು, ಹೊಟ್ಟು, ಮಣ್ಣಿನ ಹೆಂಟೆ ಆರಿಸದೆ ಬಿಟ್ಟದ್ದರಿಂದ ಬಂದ ಅಗ್ಗ. ಕೊನೆಗೆ, ಕಲಬೆರಕೆಯ ಅಗ್ಗ. ಬೆಲೆ ಎಷ್ಟು ಇಳಿಯಿತು ಎಂಬುದಕ್ಕಿಂತ ಎಲ್ಲಿ ಇಳಿಯಿತು ಎಂದು ಹುಡುಕಿದರೆ ಗುಣಮಟ್ಟದ ಲೆಕ್ಕ ಬಹುಪಾಲು ಸಿಕ್ಕಿಬಿಡುತ್ತದೆ.

ಸರ್ಕಾರವೇ ಶೆಟ್ಟರಾದಾಗ

ಆಂಧ್ರದಲ್ಲಿ ಅಗ್ಗದ ದಿನಸಿಯನ್ನು ರಾಜಕೀಯದ ನಡುಮನೆಗೆ ತಂದವರು ಎನ್.ಟಿ. ರಾಮರಾವ್. 1983ರಲ್ಲಿ ಕಿಲೋಗೆ ಎರಡು ರೂಪಾಯಿಯ ಅಕ್ಕಿ ಬಂದಾಗ ರಾಯಲಸೀಮೆಯ ಒಣಭೂಮಿಯಲ್ಲಿ ದೊಡ್ಡ ಬದಲಾವಣೆಯಾಯಿತು. ಮುದ್ದೆ, ರೊಟ್ಟಿಯ ಮನೆಗಳಲ್ಲಿ ಅನ್ನ ಹಬ್ಬದ ಅಡುಗೆಯಾಗಿ ಉಳಿಯಲಿಲ್ಲ. 2008ರಲ್ಲಿ ವೈ.ಎಸ್. ರಾಜಶೇಖರ ರೆಡ್ಡಿ ಮತ್ತೆ ಎರಡು ರೂಪಾಯಿಗೆ ತಂದರು, 2011ರಲ್ಲಿ ಕಿರಣ್‌ಕುಮಾರ್ ರೆಡ್ಡಿ ಒಂದು ರೂಪಾಯಿಗೆ ಇಳಿಸಿದರು. ಅತ್ತ ಕರ್ನಾಟಕದಲ್ಲಿ 2013ರ ಜುಲೈಯಲ್ಲಿ ಅನ್ನಭಾಗ್ಯ ಬಂತು.

ಈ ಸರಣಿಯಲ್ಲಿ ನನಗೆ ಹೆಚ್ಚು ಸ್ವಾರಸ್ಯವೆನಿಸುವುದು ಅದೇ 2013ರ ಯುಗಾದಿಗೆ ಆಂಧ್ರದಲ್ಲಿ ಶುರುವಾದ ‘ಅಮ್ಮ ಹಸ್ತಂ’. ತೊಗರಿಬೇಳೆ, ಪಾಮ್ ಎಣ್ಣೆ, ಗೋಧಿ, ಗೋಧಿಹಿಟ್ಟು, ಸಕ್ಕರೆ, ಉಪ್ಪು, ಖಾರದ ಪುಡಿ, ಹುಣಸೆಹಣ್ಣು, ಅರಿಶಿನ: ಒಂಬತ್ತು ಸಾಮಾನಿನ ಒಂದು ಚೀಲ, 185 ರೂಪಾಯಿ. ಹೊರಗೆ ಕೊಂಡರೆ 292 ಆಗುತ್ತದೆ ಎಂದು ಸರ್ಕಾರ ಲೆಕ್ಕ ತೋರಿಸಿತು. ಬೇಳೆ, ಎಣ್ಣೆಯ ಬಗ್ಗೆ ಯಾರೂ ಅಷ್ಟಾಗಿ ಗೊಣಗಲಿಲ್ಲ. ದೂರು ಬಂದದ್ದು ಹುಣಸೆಹಣ್ಣು, ಖಾರದ ಪುಡಿಯ ಮೇಲೆ. ಅದಕ್ಕೆ ಕಾರಣವೂ ಇದೆ. ಸಕ್ಕರೆ, ಉಪ್ಪಿಗೆ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಗುಣ. ಹುಣಸೆಹಣ್ಣಿಗೆ ಹಾಗಲ್ಲ: ಬೀಜ ತೆಗೆದದ್ದೇ, ನಾರು ತೆಗೆದದ್ದೇ, ಹೊಸತೇ, ಕಪ್ಪಾದ ಹಳತೇ? ಈ ಸೀಮೆಯ ಯಾವ ಹೆಂಗಸೂ ಅದನ್ನು ನೋಡಿದೊಡನೆ ಹೇಳಬಲ್ಲಳು. ಗ್ರಾಹಕರಿಗೆ ಪರೀಕ್ಷೆ ಗೊತ್ತಿರುವ ಸಾಮಾನಿನಲ್ಲಿ ಟೆಂಡರಿನ ಸರಕು ಸಿಕ್ಕಿಬಿತ್ತು. ಗೊತ್ತಿಲ್ಲದ ಸಾಮಾನಿನಲ್ಲಿ ಏನಾಯಿತೋ, ಯಾರೂ ಕೇಳಲಿಲ್ಲ.

2017ರ ಡಿಸೆಂಬರಿನಲ್ಲಿ ಚಂದ್ರಬಾಬು ನಾಯ್ಡು ಇನ್ನೊಂದು ಪ್ರಯೋಗ ಮಾಡಿದರು. ರಾಜ್ಯದ ಸುಮಾರು 29 ಸಾವಿರ ರೇಷನ್ ಅಂಗಡಿಗಳಲ್ಲಿ ಕೆಲವನ್ನು ‘ಚಂದ್ರಣ್ಣ ವಿಲೇಜ್ ಮಾಲ್’ ಮಾಡುವುದು, ರಿಲಯನ್ಸ್ ಮತ್ತು ಫ್ಯೂಚರ್ ಗ್ರೂಪ್ ಸಾಮಾನು ಪೂರೈಸುವುದು, ಹಳ್ಳಿಯವರಿಗೂ ಪಟ್ಟಣದ ರಿಯಾಯಿತಿ ಸಿಗುವುದು. ಚೌಕದಂಗಡಿ ಒಂದೇ ಜಿಗಿತದಲ್ಲಿ ಸೂಪರ್‌ಮಾರ್ಕೆಟ್ ಆಗುವ ಕನಸು. ಸರ್ಕಾರ ಬದಲಾಯಿತು, ಮಾಲ್ ಮರೆಯಾಯಿತು. ಫ್ಯೂಚರ್ ಗ್ರೂಪಿನ ಬಿಗ್ ಬಜಾರ್ ಕೂಡ 2022ರ ಹೊತ್ತಿಗೆ ಬಾಗಿಲು ಹಾಕಿತು.

ಹೊಸ ಮುಖ್ಯಮಂತ್ರಿ ಜಗನ್‌ಮೋಹನ ರೆಡ್ಡಿ ಹಿಡಿದದ್ದು ಬೇರೆ ಎಳೆ, ಅಕ್ಕಿಯ ಅಂದ. 2021ರ ಜನವರಿಯಲ್ಲಿ 9,260 ವಾಹನಗಳು ‘ಸಾರ್ಟೆಕ್ಸ್’ ಮಾಡಿದ ಅಕ್ಕಿ ಹೊತ್ತು ಮನೆಬಾಗಿಲಿಗೆ ಹೊರಟವು. ಸಾರ್ಟೆಕ್ಸ್ ಎಂದರೆ ಕ್ಯಾಮೆರಾ ಕಣ್ಣಿನಿಂದ ಒಂದೊಂದು ಕಾಳನ್ನೂ ನೋಡಿ, ಬಣ್ಣಗೆಟ್ಟದ್ದನ್ನು ಗಾಳಿ ಊದಿ ಹೊರಗೆಸೆಯುವ ಯಂತ್ರ. ಅಜ್ಜಿ ಮೊರ ಹಿಡಿದು ಕೇರುತ್ತಿದ್ದ, ಆರಿಸುತ್ತಿದ್ದ ಕೆಲಸವೇ. ಯಂತ್ರದ ಹೆಸರು ಹಳ್ಳಿಹಳ್ಳಿಗೂ ಹಬ್ಬಿ, ‘ಸಾರ್ಟೆಕ್ಸ್ ಅಕ್ಕಿ’ ಎಂಬುದು ಒಂದು ತಳಿಯ ಹೆಸರೇ ಏನೋ ಎಂಬಂತಾಯಿತು. 2025ರ ಜೂನ್ 1ರಿಂದ ವಾಹನ ನಿಂತು ಮತ್ತೆ ಅಂಗಡಿಯೇ ತೆರೆದಿದೆ: ತಿಂಗಳ 1ರಿಂದ 15ರವರೆಗೆ, ಬೆಳಿಗ್ಗೆ 8ರಿಂದ 12, ಸಂಜೆ 4ರಿಂದ 8.

ನಾಲ್ಕು ಪಾವಿಗೆ ಒಂದು ಪಾವು ನುಚ್ಚು

ಅಕ್ಕಿಯ ಮಾತು ಇಷ್ಟಕ್ಕೇ ಮುಗಿಯುವುದಿಲ್ಲ. ಸರ್ಕಾರ ಕೊಳ್ಳುವ ಬೆಳ್ತಿಗೆ ಅಕ್ಕಿಗೆ ಕೇಂದ್ರದ ನಿಯಮ ವರ್ಷಗಟ್ಟಲೆ ಒಪ್ಪಿಕೊಂಡು ಬಂದದ್ದು ಶೇ 25ರವರೆಗೆ ನುಚ್ಚು. ನಾಲ್ಕು ಪಾವು ಅಕ್ಕಿಯಲ್ಲಿ ಒಂದು ಪಾವು ಮುರುಕಾಗಿದ್ದರೂ ಕಾಗದದ ಮೇಲೆ ಅದು ಒಳ್ಳೆಯ ಅಕ್ಕಿಯೇ. ಸೂಪರ್‌ಮಾರ್ಕೆಟ್ಟಿನ ಚೀಲದಲ್ಲಿ ಇಷ್ಟು ನುಚ್ಚು ಕಂಡರೆ ಮಾರನೆಯ ದಿನವೇ ವಾಪಸ್ಸು ಬಂದೀತು. ಹಾಗಂತ ಮುರಿದ ಕಾಳಿನಲ್ಲಿ ಅನ್ನದ ಸತ್ವ ಕಡಿಮೆಯೇ? ಇಲ್ಲ. ಅನ್ನ ಉದುರಾಗುವುದಿಲ್ಲ, ಮುದ್ದೆಯಾಗುತ್ತದೆ, ಅಷ್ಟೆ. ಇಲ್ಲಿ ಕಡಿಮೆಯಾದದ್ದು ರೂಪ.

ಆದರೆ ರೂಪಕ್ಕೆ ಇರುವ ಬೆಲೆ ಸಣ್ಣದಲ್ಲ. ರೇಷನ್ ಅಕ್ಕಿ ಬೇಡವಾದ ಮನೆಗಳಿಂದ ಅದು ಪುಡಿಗಾಸಿಗೆ ಮಾರಾಟವಾಗುತ್ತದೆ. ಗಡಿಯ ಈಚೆಗೋ ಆಚೆಗೋ ಯಾವುದೋ ಮಿಲ್ಲು ಸೇರುತ್ತದೆ. ಅಲ್ಲಿ ಇನ್ನೊಮ್ಮೆ ಪಾಲಿಶ್ ಆಗಿ, ನುಚ್ಚು ಬೇರ್ಪಟ್ಟು, ಬಣ್ಣದ ಚೀಲ ತೊಟ್ಟು ಹಲವು ಪಟ್ಟು ಬೆಲೆಗೆ ಹಿಂತಿರುಗುತ್ತದೆ. ಅಕ್ಕಿ ತುಂಬಿದ ವಾಹನ ಹಿಡಿದ ಸುದ್ದಿ ಈ ಕಡೆಯ ಪತ್ರಿಕೆ ಓದುಗರಿಗೆ ಹೊಸದಲ್ಲ. 2024ರ ನವೆಂಬರ್ 29ರಂದು ಉಪಮುಖ್ಯಮಂತ್ರಿ ಪವನ್ ಕಲ್ಯಾಣ್ ಕಾಕಿನಾಡ ಬಂದರಿನಲ್ಲಿ ‘ಸ್ಟೆಲ್ಲಾ ಎಲ್’ ಎಂಬ ಹಡಗನ್ನು ಜಪ್ತಿ ಮಾಡಿ ಎಂದು ಗುಡುಗಿದ್ದು ಇದೇ ಅಕ್ಕಿಗಾಗಿ; ಆಫ್ರಿಕಾಕ್ಕೆ ಹೊರಟಿತ್ತು. ಊರಲ್ಲಿ ಕೋಳಿಗೆ ಹಾಕುವ ಅಕ್ಕಿ ಎಂದು ಮೂಗು ಮುರಿದದ್ದು ಸಮುದ್ರ ದಾಟುವಾಗ ರಫ್ತಿನ ಮಾಲು. ಇಲ್ಲಿ ಇನ್ನೂ ಒಂದು ತಮಾಷೆಯಿದೆ: ಪ್ರತಿ ಪಾಲಿಶಿನಲ್ಲೂ ತೌಡಿನ ಜೊತೆ ಬಿ ಜೀವಸತ್ವ ಒರೆಸಿಹೋಗುತ್ತದೆ. ಹೆಚ್ಚು ದುಡ್ಡು ಕೊಟ್ಟು ಕಡಿಮೆ ಸತ್ವ ತರುವ ವ್ಯಾಪಾರಕ್ಕೆ ನಾವು ‘ಒಳ್ಳೇ ಅಕ್ಕಿ’ ಎನ್ನುತ್ತೇವೆ.

ಕೊಂಡು ತಿನ್ನುವ ಅಕ್ಕಿಯಲ್ಲೂ ಹೆಸರಿನ ಆಟವಿದೆ. ಚೀಲದ ಮೇಲೆ ಸೋನಾ ಮಸೂರಿ ಎಂದಿದ್ದರೂ ಒಳಗಿರುವುದು ಎಷ್ಟೋ ಸಲ ಬಿಪಿಟಿ 5204, ಆಂಧ್ರದ ಬಾಪಟ್ಲದಲ್ಲಿ ಹುಟ್ಟಿದ ತಳಿ. ಗಂಗಾವತಿ, ಸಿಂಧನೂರು, ಸಿರುಗುಪ್ಪದ ತುಂಗಭದ್ರಾ ಬಯಲಿನಲ್ಲಿ ಅದು ಬೆಳೆಯುತ್ತದೆ. ಅದೇ ತುಂಗಭದ್ರೆಯ ಮೇಲ್ಮಟ್ಟದ ಕಾಲುವೆಯ ನೀರು ರಾಯದುರ್ಗದ ಪಕ್ಕದ ಬೊಮ್ಮನಹಾಳ್, ಕಣೇಕಲ್ಲಿಗೂ ಬಂದು ಅಲ್ಲೂ ಭತ್ತವಿದೆ. ಅದೇ ಅಕ್ಕಿ ಒಂದು ಕಡೆ ಹಳತು, ಇನ್ನೊಂದು ಕಡೆ ಹೊಸತು. ಹಳೆ ಅಕ್ಕಿ ಉದುರಾಗಿ ಬೇಯುತ್ತದೆ, ಹೆಚ್ಚು ಅನ್ನವಾಗುತ್ತದೆ. ಮಿಲ್ಲಿನವರು ವರ್ಷ ಕಾದದ್ದಕ್ಕೆ ಬಡ್ಡಿ ಸೇರಿಸಿ ಬೆಲೆ ಕಟ್ಟುತ್ತಾರೆ. ಇದು ನ್ಯಾಯವಾದ ದುಬಾರಿ. ಹೊಸ ಅಕ್ಕಿಗೆ ಸುಂದರ ಚೀಲ ಹೊಲಿದು ಹಳತೆಂದು ಮಾರುವುದು ಅನ್ಯಾಯದ ದುಬಾರಿ. ಅನ್ನಕ್ಕಿಟ್ಟ ಮೇಲೇ ಗೊತ್ತಾಗುವುದು.

ಚೀಲ ಎಂದ ಕೂಡಲೇ ನೆನಪಾಯಿತು: 26 ಕಿಲೋದ ಅಕ್ಕಿ ಚೀಲ ನೋಡಿದ್ದೀರಾ? 2022ರ ಜುಲೈ 18ರಿಂದ 25 ಕಿಲೋವರೆಗಿನ, ಲೇಬಲ್ ಹಚ್ಚಿದ ಅಕ್ಕಿ–ಬೇಳೆ ಪ್ಯಾಕೆಟ್ಟಿಗೆ ಶೇ 5 ಜಿಎಸ್‌ಟಿ ಬಿತ್ತು. 25ನ್ನು ದಾಟಿದರೆ ತೆರಿಗೆಯಿಲ್ಲ. ವ್ಯಾಪಾರಸ್ಥರು ಇನ್ನೊಂದು ಕಿಲೋ ತುಂಬಿದರು. ಇಡೀ ಚೀಲ ಕೊಳ್ಳಬಲ್ಲವರಿಗೆ ತೆರಿಗೆ ತಪ್ಪಿತು, ಐದು ಕಿಲೋ ಪ್ಯಾಕೆಟ್ ಕೊಳ್ಳುವವರಿಗೆ ತಗುಲಿತು. ಗುಣಮಟ್ಟದಲ್ಲಿ ಒಂದು ಕಾಳಿನ ವ್ಯತ್ಯಾಸವೂ ಇಲ್ಲದೆ ಬೆಲೆ ಬೇರೆಯಾಗುವ ಬಗೆಗಳಲ್ಲಿ ಇದೂ ಒಂದು.

ದೊಡ್ಡ ಅಂಗಡಿಯ ಗುಟ್ಟು

ಜರ್ಮನಿಯ ಎಸ್ಸೆನ್ ಪಟ್ಟಣದಲ್ಲಿ ತಾಯಿ ನಡೆಸುತ್ತಿದ್ದ ಪುಟ್ಟ ದಿನಸಿ ಅಂಗಡಿಯನ್ನು ಯುದ್ಧ ಮುಗಿದ ಮೇಲೆ ವಹಿಸಿಕೊಂಡ ಆಲ್ಬ್ರೆಕ್ಟ್ ಸಹೋದರರು ‘ಆಲ್ಡಿ’ ಕಟ್ಟಿದರು. ಸಾಮಾನು ಕೆಲವೇ, ಬಹುಪಾಲು ಸ್ವಂತ ಬ್ರ್ಯಾಂಡು, ಡಬ್ಬ ಬಂದ ರಟ್ಟಿನ ಪೆಟ್ಟಿಗೆಯಲ್ಲೇ ಪ್ರದರ್ಶನ, ಕೆಲಸದವರು ಕಡಿಮೆ. ಅಲ್ಲಿ ಬೆಲೆ ಇಳಿದದ್ದು ಅಲಂಕಾರದಲ್ಲಿ, ಆಯ್ಕೆಯಲ್ಲಿ. ಹಾಲು, ಹಿಟ್ಟು, ಸಕ್ಕರೆಯಲ್ಲಿ ಅಲ್ಲ. ವಿದೇಶದಲ್ಲಿರುವ ಕನ್ನಡದ ಮನೆಗಳೂ ಹಾಲು, ತರಕಾರಿಗೆ ಆಲ್ಡಿಗೆ ಹೋಗಿ, ಬೇಳೆ, ಹುಣಸೆಹಣ್ಣಿಗೆ ಮಾತ್ರ ಭಾರತೀಯ ಅಂಗಡಿಯ ದುಬಾರಿ ಬೆಲೆ ತೆರುವುದು ಇದನ್ನು ಅರಿತೇ.

ನಮ್ಮಲ್ಲಿ ಡಿಮಾರ್ಟ್ ಹಿಡಿದದ್ದು ಹೆಚ್ಚುಕಡಿಮೆ ಈ ದಾರಿ. ರಾಧಾಕಿಶನ್ ದಮಾನಿ 2002ರಲ್ಲಿ ಮುಂಬೈನ ಪೊವಾಯಿಯಲ್ಲಿ ಮೊದಲ ಮಳಿಗೆ ತೆರೆದರು. ಬಾಡಿಗೆ ಕಟ್ಟುವ ಬದಲು ಆದಷ್ಟು ಸ್ವಂತ ಕಟ್ಟಡ, ಪೂರೈಕೆದಾರರಿಗೆ ಬೇಗ ದುಡ್ಡು, ಅದಕ್ಕೆ ಬದಲಾಗಿ ಕಡಿಮೆ ದರ. ಅದಕ್ಕೂ ಮೊದಲು, 1997ರಲ್ಲಿ ಚೆನ್ನೈಯಲ್ಲಿ ಹುಟ್ಟಿದ ‘ಸುಭಿಕ್ಷಾ’ ಅಗ್ಗದ ಮಾತಿನ ಮೇಲೇ ಸುಮಾರು 1,600 ಅಂಗಡಿಗಳಿಗೆ ಬೆಳೆದು 2009ರಲ್ಲಿ ಕುಸಿಯಿತು. ಅದು ಮುಳುಗಿದ್ದು ಸರಕು ಕೆಟ್ಟದ್ದರಿಂದಲ್ಲ, ಕೈಯಲ್ಲಿ ಕಾಸು ಮುಗಿದದ್ದರಿಂದ.

ಕಂಪನಿಯಿಂದ ಮುಚ್ಚಿ ಬರುವ ಸೋಪು, ಪೇಸ್ಟು, ಚಹಾಪುಡಿ, ಉಪ್ಪು ಇವಕ್ಕೆ ಅಂಗಡಿ ಯಾವುದಾದರೂ ಒಂದೇ. ಎಂಆರ್‌ಪಿ ಎಂಬುದು ಗರಿಷ್ಠ ಬೆಲೆ. ಅದಕ್ಕಿಂತ ಕಡಿಮೆಗೆ ಕೊಡುವುದು ಕೃಪೆಯಲ್ಲ, ಲಾಭದಲ್ಲಿ ಸ್ವಲ್ಪ ಬಿಟ್ಟುಕೊಡುವುದು. ಇಲ್ಲಿ ನೋಡಬೇಕಾದ್ದು ಮೂರೇ: ದಿನಾಂಕ, ತೂಕ, ಹೆಸರಿನ ಕಾಗುಣಿತ. ಒಂದಕ್ಷರ ಬದಲಿಸಿದ ಸೋಪು, ಬಿಸ್ಕತ್ತು ಸಣ್ಣ ಊರುಗಳಿಗೆ ಬರುವುದು ಸುಮ್ಮನೆ ಅಲ್ಲ. ಜೊತೆಗೆ ಬಿಸಿಲು. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ತಗಡಿನ ಚಾವಣಿಯ ಅಂಗಡಿಯೊಳಗೆ ತಿಂಗಳು ಕುಳಿತ ಎಣ್ಣೆ, ಕುರುಕಲು ತಿಂಡಿ ದಿನಾಂಕ ಮುಗಿಯುವ ಮುಂಚೆಯೇ ಕಮಟಾಗುತ್ತದೆ. ಹವಾನಿಯಂತ್ರಣಕ್ಕೆ ಕೊಟ್ಟ ದುಡ್ಡು ಪೂರ್ತಿ ದಂಡವಲ್ಲ ಎಂದು ಬೇಸಿಗೆಯಲ್ಲಿ ಮಾತ್ರ ನಾನು ಒಪ್ಪುತ್ತೇನೆ.

ಬಿಡಿ ಸಾಮಾನಿನಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ಬೆಲ್ಲವನ್ನೇ ನೋಡಿ. ಕಪ್ಪಗಿನ, ಮಂಕಾದ ಅಚ್ಚು ಅಗ್ಗ, ಹೊಂಬಣ್ಣದ್ದು ತುಟ್ಟಿ. ಆ ಹೊಂಬಣ್ಣ ಎಷ್ಟೋ ಸಲ ಆಲೆಮನೆಯಲ್ಲಿ ಹಾಕಿದ ‘ಹೈಡ್ರೋಸ್’ ಎಂಬ ಬಿಳುಪುಕಾರಿಯ ಫಲ. ಹೆಚ್ಚು ಬೆಲೆ ಕೊಟ್ಟವರ ಮನೆಗೇ ರಾಸಾಯನಿಕ ಹೋಗುತ್ತದೆ. ಬೇಳೆಯೂ ಹಾಗೇ: ಥಳಥಳ ಹೊಳೆಯುವುದು ಪಾಲಿಶ್ ಆದದ್ದು, ಮಂಕಾಗಿರುವುದು ಪಾಲಿಶ್ ಆಗದ್ದು. ‘ಶೆಟ್ರೇ, ಬ್ಯಾಳಿ ಯಾಕೋ ಮಂಕೈತಿ’ ಎಂದು ರಾಯದುರ್ಗದ ಅಂಗಡಿಯಲ್ಲಿ ತಕರಾರು ಮಾಡುವಾಗ ನಾವೇ ಪಾಲಿಶ್‌ಗೆ ಆರ್ಡರು ಕೊಟ್ಟಂತೆ.

ಅರಿಶಿನ, ಖಾರದ ಪುಡಿಯಲ್ಲಿ ಮಾತ್ರ ಅಗ್ಗವನ್ನು ನಂಬಬಾರದು. ಅರಿಶಿನಕ್ಕೆ ಸೀಸದ ಕ್ರೋಮೇಟ್, ತೊಗರಿಬೇಳೆಗೆ ಬಣ್ಣ ಹಚ್ಚಿದ ಕೇಸರಿಬೇಳೆ ಬೆರೆಸುವುದು ಹಳೆಯ ಪಿಡುಗು. ಇದಕ್ಕೆ ಈ ಸೀಮೆಯಲ್ಲಿ ಹಳೆಯ ಮದ್ದೂ ಇದೆ: ಒಣಮೆಣಸಿನಕಾಯಿ, ಅರಿಶಿನ ಕೊಂಬು, ರಾಗಿ ಇಡಿಯಾಗಿ ಕೊಂಡು ಗಿರಣಿಗೆ ಒಯ್ಯುವುದು. ಇಡೀ ಕಾಳಿಗಿಂತ ಪುಡಿಯಲ್ಲಿ ಮೋಸ ಮಾಡುವುದು ಸುಲಭ.

ದುಬಾರಿ ಬ್ರ್ಯಾಂಡು ರಕ್ಷೆಯೇ? 2020ರ ಡಿಸೆಂಬರಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 13 ಬ್ರ್ಯಾಂಡುಗಳ ಜೇನುತುಪ್ಪ ಪರೀಕ್ಷಿಸಿದಾಗ ಎಲ್ಲ ಪರೀಕ್ಷೆ ದಾಟಿದ್ದು ಮೂರು. ಸೋತವುಗಳಲ್ಲಿ ಮನೆಮಾತಾದ ಹೆಸರುಗಳಿದ್ದವು. ಆದರೂ ಬೆಲೆ ಒಂದು ಹಂತಕ್ಕಿಂತ ಕೆಳಗಿಳಿದರೆ ಅದೇ ಒಂದು ಸುಳಿವು. ತಿರುಪತಿ ದೇವಸ್ಥಾನದ ಲಡ್ಡಿನ ತುಪ್ಪದ ಪ್ರಕರಣ ಈ ಎರಡೂ ರಾಜ್ಯಗಳಿಗೆ ಸೇರಿದ್ದು. ದೇವಸ್ಥಾನ ಕೇಳಿದ ದರಕ್ಕೆ ತುಪ್ಪ ಕೊಡಲಾಗದು ಎಂದು 2023ರಲ್ಲಿ ಕರ್ನಾಟಕ ಹಾಲು ಮಹಾಮಂಡಳಿ ಹಿಂದೆ ಸರಿದಿತ್ತು. ಮರುವರ್ಷ ಕಿಲೋಗೆ ಸುಮಾರು 320 ರೂಪಾಯಿಗೆ ಬೇರೆಡೆಯಿಂದ ಬಂದ ತುಪ್ಪದ ಮಾದರಿಯಲ್ಲಿ ಅನ್ಯ ಕೊಬ್ಬಿನ ಸುಳಿವಿದೆ ಎಂಬ ಪ್ರಯೋಗಾಲಯ ವರದಿ ಹೊರಬಿತ್ತು. ಪೂರೈಸಿದವರು ಅಲ್ಲಗಳೆದರು, ಸುಪ್ರೀಂ ಕೋರ್ಟ್ 2024ರ ಅಕ್ಟೋಬರಿನಲ್ಲಿ ವಿಶೇಷ ತನಿಖಾ ತಂಡ ರಚಿಸಿತು. ತನಿಖೆಯ ಮಾತು ಹಾಗಿರಲಿ. ಒಂದು ಕಿಲೋ ತುಪ್ಪಕ್ಕೆ ಎಷ್ಟು ಹಾಲು ಬೇಕೆಂದು ಎಮ್ಮೆ ಕಟ್ಟಿದ ಯಾವ ಮನೆಯವರೂ ಬೆರಳೆಣಿಸಿ ಹೇಳುತ್ತಾರೆ. ಅದೇ ಮಹಾಮಂಡಳಿಯ ನಂದಿನಿ ಹಾಲು ನೆರೆರಾಜ್ಯಗಳ ಹಾಲಿಗಿಂತ ಅಗ್ಗ. ಅಲ್ಲಿ ಬೆಲೆ ಇಳಿದದ್ದು ನೀರು ಬೆರೆಸಿ ಅಲ್ಲ. ಸಹಕಾರ ಸಂಘವಾದ್ದರಿಂದ, ರೈತರಿಗೆ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನವನ್ನು ಸರ್ಕಾರ ಕೊಡುವುದರಿಂದ.

ಕಳಪೆ ಯಾವುದು, ಅಪಾಯ ಯಾವುದು ಎಂಬುದನ್ನು 2006ರ ಆಹಾರ ಸುರಕ್ಷತಾ ಕಾಯ್ದೆ ನಮಗಿಂತ ಚೆನ್ನಾಗಿ ಬಿಡಿಸಿಟ್ಟಿದೆ. ಕಳಪೆ ಸರಕಿಗೆ 5 ಲಕ್ಷದವರೆಗೆ ದಂಡ, ಸುಳ್ಳು ಲೇಬಲ್ಲಿಗೆ 3 ಲಕ್ಷದವರೆಗೆ, ಅಸುರಕ್ಷಿತವಾದದ್ದಕ್ಕೆ ಜೈಲು. ನುಚ್ಚಕ್ಕಿ ಮೊದಲ ಸಾಲಿನಲ್ಲೂ ಬರುವುದಿಲ್ಲ, ಸೀಸದ ಅರಿಶಿನ ಕೊನೆಯ ಸಾಲಿಗೇ ಹೋಗುತ್ತದೆ. ಕೊಳ್ಳುವಾಗ ಎರಡನ್ನೂ ‘ಕ್ವಾಲಿಟಿ ಇಲ್ಲ’ ಎಂಬ ಒಂದೇ ಮಾತಿನಲ್ಲಿ ಮುಗಿಸುವವರು ನಾವು.

ಅಗ್ಗದ ಲೆಕ್ಕಕ್ಕೆ ಬಸ್ ಚಾರ್ಜೂ ಸೇರಬೇಕು. ಆಂಧ್ರದ ಹೆಂಗಸರಿಗೆ 2025ರ ಆಗಸ್ಟ್ 15ರಿಂದ ಬಸ್ಸು ಉಚಿತ, ಕರ್ನಾಟಕದವರಿಗೆ 2023ರ ಜೂನ್‌ನಿಂದ. ಅಂತರರಾಜ್ಯ ಬಸ್ಸಿಗೆ ಎರಡೂ ಅನ್ವಯಿಸವು. ಮಡಕಶಿರಾದ ಹೆಂಗಸು ಹಿಂದೂಪುರಕ್ಕೆ ಬಿಟ್ಟಿ ಹೋಗಬಹುದು, ಪಾವಗಡಕ್ಕೆ ಟಿಕೆಟ್ ತೆಗೆಯಬೇಕು. ಬಳ್ಳಾರಿಯ ದೊಡ್ಡ ಅಂಗಡಿಯಲ್ಲಿ ಬೇಳೆಯ ಮೇಲೆ ಉಳಿದದ್ದು ದಾರಿಯ ಖರ್ಚಿಗೇ ಹೋಯಿತು ಎಂದರೆ ಆ ಅಗ್ಗಕ್ಕೆ ಅರ್ಥವೇನು? ಇದಕ್ಕೆ ಸೇರಿಸಿ ಉದ್ರಿಯ ಲೆಕ್ಕ. ದೊಡ್ಡ ಅಂಗಡಿಯ ಯಂತ್ರ ‘ಮಳೆ ಬರಲಿ, ಶೇಂಗಾ ಮಾರಿ ಕೊಡ್ತೀನಿ’ ಎಂಬ ಮಾತು ಕೇಳಿಸಿಕೊಳ್ಳುವುದಿಲ್ಲ. ಶೆಟ್ಟರು ಕೇಳಿಸಿಕೊಳ್ಳುತ್ತಾರೆ, ಕಿಲೋಗೆ ನಾಲ್ಕು ರೂಪಾಯಿ ಹೆಚ್ಚಿಗೆ ಬರೆದುಕೊಳ್ಳುತ್ತಾರೆ. ಉದ್ರಿ ಇರುವವರಿಗೆ ಬೇಳೆ ಬದಲಿಸಿಕೊಡಿ ಎಂದು ಜೋರಾಗಿ ಕೇಳುವ ಬಾಯಿಯೂ ಇರುವುದಿಲ್ಲ. ಈ ಕೊನೆಯದ್ದೇ ಇಡೀ ವ್ಯವಹಾರದಲ್ಲಿ ಕಹಿಯಾದ ಸಂಗತಿ: ಒಂದೇ ಅಂಗಡಿ, ಒಂದೇ ಚೀಲ, ರೊಕ್ಕ ಕೊಡುವವರಿಗೆ ಮೇಲಿನದ್ದು, ಬರೆಸುವವರಿಗೆ ತಳದ್ದು.

ಮೊರ ಮಾತ್ರ ಈ ಕಡೆ ಇನ್ನೂ ಅಟ್ಟ ಸೇರಿಲ್ಲ. ಸಾರ್ಟೆಕ್ಸ್ ಅಕ್ಕಿಯನ್ನೂ ಕೇರುತ್ತಾರೆ, ಸೂಪರ್‌ಮಾರ್ಕೆಟ್ಟಿನ ಬೇಳೆಯನ್ನೂ ಆರಿಸುತ್ತಾರೆ. 2024ರ ಮಾರ್ಚ್ ಹೊತ್ತಿಗೆ ದೇಶದ ರೇಷನ್ ಅಕ್ಕಿಗೆಲ್ಲ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ತುಂಬಿದ ಕಾಳು ಬೆರೆಸಲಾಯಿತು, ನೂರು ಕಿಲೋಗೆ ಒಂದು ಕಿಲೋದಂತೆ. ಅಕ್ಕಿ ಹಿಟ್ಟನ್ನೇ ಒತ್ತಿ ಮಾಡಿದ ಆ ಕಾಳಿನ ಬಣ್ಣ ತುಸು ಬೇರೆ, ನೀರಿಗೆ ಹಾಕಿದರೆ ಕೆಲವು ತೇಲುತ್ತವೆ. ಪ್ಲಾಸ್ಟಿಕ್ ಅಕ್ಕಿ ಎಂಬ ಗುಲ್ಲು ಊರೂರಿಗೆ ಹಬ್ಬಿತು. ಆ ಚೀಲದಲ್ಲಿ ಕಿಲೋ ಲೆಕ್ಕದಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಲೆಯ ಕಾಳು ಅದೇ. ಮೊರದಲ್ಲಿ ಅದನ್ನೇ ಒಂದೊಂದಾಗಿ ಆರಿಸಿ ಅಂಗಳದ ಕೋಳಿಗೆ ಎಸೆದರು.